ಈ ಸಲ ನನ್ನ ಮಂಡಿ

ಕುನಿಗುಂಡಳ ಎಡಮಂಡಿ ಈಗ ಲೋಹದ್ದು.
ಫೋರ್ಖೈಮಿನ ಆಸ್ಪತ್ರೆಯವರು ಹಳೆಯದನ್ನು ತೆಗೆದು
ಏನು ಮಾಡಿದರೋ, ನಾವು ಕೇಳಲಿಲ್ಲ.
ಆರು ವಾರ ಅದರ ಮೇಲೆ ಏನೂ ಇಡಬೇಡಿ ಎಂದರು.
ಹಿಟ್ಟಿನ ಉಂಡೆಯೂ ಬೇಡವೇ? ಎಂದಳು ಇವಳು.
ಡಾಕ್ಟರಿಗೆ ಅರ್ಥವಾಗಲಿಲ್ಲ. ಉತ್ತರದವನು,
ಸಮುದ್ರದ ಕಡೆಯವನು ಪಾಪ.

ನಮ್ಮಲ್ಲಿ ಕ್ಯೂಖ್ಲೆ ಎಳೆಯುವುದು ಮಂಡಿಯ ಮೇಲೆ.
ಲಟ್ಟಣಿಗೆ ತಾಗಿತೋ, ಅದು ಬೇರೆ ತಿಂಡಿ,
ಬೇರೆ ಹೆಸರಿಟ್ಟು ತಿನ್ನಿ.

ಅದಕ್ಕೇ ಇವತ್ತು,
ಉಪವಾಸದ ನಲವತ್ತು ದಿನ ಹೊಸ್ತಿಲಿಗೆ ಬಂದು
ಬೂಟಿನ ಹಿಮ ಕೊಡವುತ್ತಿರುವಾಗ,
ಗೋಡೆಬೆಂಚಿನ ಮೇಲೆ ಕಾಲು ಚಾಚಿ ಅವಳು,
ಮುಕ್ಕಾಲಿಯ ಮೇಲೆ, ತೊಡೆಗೆ ಬಿಳಿ ಬಟ್ಟೆ ಹಾಸಿ, ನಾನು.

ಹಾಲು ಎಷ್ಟು ಬೆಚ್ಚಗಿರಬೇಕು?
ಹುಟ್ಟಿದ ಕೂಸಿಗೆ ಎರೆಯುವ ನೀರಿನಷ್ಟು.
ಎಷ್ಟು ನಾದಬೇಕು?
ಅದು ನಿನ್ನ ಕೈ ಬಿಡುವಷ್ಟು.
ಎಷ್ಟು ಹೊತ್ತು ಉಬ್ಬಬೇಕು?
ಅದು ಬರುವಾಗ ಬರುತ್ತದೆ, ಗಡಿಯಾರ ನೋಡಬೇಡ.
ಮೂವತ್ತು ವರ್ಷ ಈ ಕಣಿವೆಯ ಸೂಲಗಿತ್ತಿ ಇವಳು;
ಎಲ್ಲದಕ್ಕೂ ಅವಳ ಹತ್ತಿರ ಒಂದೇ ಲೆಕ್ಕ.

ನನ್ನ ಮಂಡಿ ನಲವತ್ತೊಂದು ವರ್ಷ ನೆಲಕ್ಕೆ ದುಡಿದದ್ದು.
ಬಚ್ಚಲುಗಳು, ಒಂದು ಕಸಾಯಿ ಅಂಗಡಿ, ಎರಡು ಶಾಲೆ,
ವೀಸೆಂಟ್ ಹೊಳೆಯ ದಡದ ಬಿಯರ್ ಭಟ್ಟಿ.
ದೇವರ ಮುಂದೆ ಊರಿದ್ದಕ್ಕಿಂತ
ಹಸಿ ಸಿಮೆಂಟಿನ ಮುಂದೆ ಊರಿದ್ದೇ ಹೆಚ್ಚು.
ಚರ್ಮ ದಡ್ಡುಗಟ್ಟಿ, ಹಳೆಯ ಚಪ್ಪಲಿಯ ಅಟ್ಟೆಯಂತಾಗಿದೆ.
ಅದರ ಮೇಲೀಗ ಬೆಣ್ಣೆ ಸವರಿದ, ನಿಂಬೆ ವಾಸನೆಯ,
ಉಸಿರಾಡುವ ಮೆತ್ತನೆಯದೊಂದು.

ಮೊದಲನೆಯದು ಹರಿಯಿತು.
ಎರಡನೆಯದೂ.
ನೆಲ ಉಜ್ಜುತ್ತಿದ್ದೀಯಾ? ಎಂದಳು.
ಎಳೆಯಬೇಡ. ತಿರುಗಿಸು, ಸುಮ್ಮನೆ ತಿರುಗಿಸು.
ಅಂಚು ದಪ್ಪಗಿರಲಿ. ನಡುಭಾಗ ತಾನೇ ತೆಳುವಾಗುತ್ತದೆ,
ಹಿಂದೆ ಹಿಡಿದ ಪ್ರೇಮಪತ್ರ ಓದುವಷ್ಟು.

ಪತ್ರ ಎಲ್ಲಿದೆ ಮಹಾರಾಯ್ತಿ, ಎಂದೆ, ತಮಾಷೆಗೆ.

ಅವಳು ಊರುಗೋಲು ಹಿಡಿದು ಎದ್ದಳು.
ಬೇಡ ಬೇಡ ಅಂದರೂ ಕುಂಟುತ್ತ ಹೋಗಿ
ಕಪಾಟಿನ ಎರಡನೇ ಖಾನೆಯಿಂದ ತಂದಳು.
ನನ್ನದೇ ಅಕ್ಷರ. ಎಪ್ಪತ್ತನಾಲ್ಕರ ಮಾರ್ಚ್.
ಅವಳ ಅಪ್ಪನ ಅಡುಗೆಮನೆಗೆ ಬರೆದ ಬಿಲ್ಲು:
ಬೂದು ಬಿಲ್ಲೆ ಹನ್ನೆರಡೂವರೆ ಚದರ ಮೀಟರು,
ಗಾರೆ, ಸಾಗಣೆ, ಕೂಲಿ,
ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು:
ಕಿಟಕಿ ಮೂಲೆಯ ಬಿಲ್ಲೆ ಸರಿಯಾಗಿ ಕೂತಿಲ್ಲ,
ಗುರುವಾರ ಮತ್ತೆ ಬರಬೇಕಾಗುತ್ತದೆ.

ಸರಿಯಾಗೇ ಕೂತಿತ್ತು, ಎಂದಳು.
ನೀನು ಹೋದಮೇಲೆ ಅಪ್ಪ ಮಟ್ಟಗೋಲು ಇಟ್ಟು ನೋಡಿದ್ದರು.

ಐವತ್ತು ವರ್ಷ
ಈ ಗುಟ್ಟು ನನ್ನೊಬ್ಬನದು ಅಂದುಕೊಂಡಿದ್ದೆ.

ಎಂಟನೆಯದು ಹರಿಯಲಿಲ್ಲ.
ಎರಡೂ ಅಂಗೈ ಮೇಲೆ ಎತ್ತಿ ಕಿಟಕಿಗೆ ಹಿಡಿದೆ,
ಅವಳು ಹಿಂದೆ ಕಾಗದ ಹಿಡಿದಳು.
ಹಿಮದ ಬೆಳಕು ಹಿಟ್ಟು ದಾಟಿ ಬಂತು.
ಓದಲು ಸಿಕ್ಕಿದ್ದು ಮೊತ್ತ ಮಾತ್ರ,
ನಾನೂರ ಹನ್ನೆರಡು ಮಾರ್ಕು ನಲವತ್ತು ಫೆನ್ನಿಗ್.
ಕೆಳಗಿನ ಸಾಲಿಗೆ ದಪ್ಪ ಅಂಚು ಅಡ್ಡ ಬಂತು.

ಆಮೇಲೆ ತುಪ್ಪ ಕಾಯಿತು. ಸೌಟಿನ ಹಿಡಿ ಅದ್ದಿದರೆ
ಸುತ್ತ ಸಣ್ಣ ಗುಳ್ಳೆ. ಅಂಚು ಕಂದಾಯಿತು,
ನಡುಭಾಗ ಉಬ್ಬಿ ಬೆಳ್ಳಗೇ ಉಳಿಯಿತು.
ಬಿಲ್ಲಿನ ಮೇಲೆ ಒಂದು ಹನಿ ಸಿಡಿದು
ಕೂಲಿ ಅಂತ ಬರೆದಲ್ಲಿ ಕಾಗದ ಪಾರದರ್ಶಕವಾಯಿತು.
ಅದನ್ನು ಒರೆಸಬೇಡ, ಎಂದಳು.

ಹರಿದವನ್ನೇ ಮೊದಲು ತಿಂದೆವು, ಸಕ್ಕರೆ ಪುಡಿ ಉದುರಿಸಿ,
ಬಾಯಿ ಸುಟ್ಟುಕೊಂಡು.
ಏಳಲು ಹೋದೆ. ನನ್ನ ಮಂಡಿ ಕಟಕ್ಕೆಂದಿತು.
ಅವಳು ಬೆಂಚಿನಿಂದಲೇ ಊರುಗೋಲು ನನ್ನತ್ತ ಚಾಚಿ,
ಡಾಕ್ಟರ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದೆ
ಎಂದಳು.